ಹಳೇ ಫೋರ್‌ವೀಲ್ ಗಾಡಿ: ಗುಜರಿಗೋ, ದುಡಿಮೆಗೋ?

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಲೆ, ಬಡ್ಡಿ, ಜಪ್ತಿ ಇವುಗಳ ಬಗ್ಗೆ ಬೆಳಗಿನಿಂದ ಹಿರಿಯರು ಸಾಕಷ್ಟು ಹೇಳಿದ್ದಾರೆ. ನಾನು ಮಾತಾಡಲು ನಿಂತಿರುವುದು ಒಂದು ಗಾಡಿಯ ವಿಷಯ. ನಗಬೇಡಿ. ಇದರಲ್ಲೂ ಬೆಲೆ ಇದೆ, ಬಡ್ಡಿಯೂ ಇದೆ.

ನಿಮ್ಮ ಕೊಟ್ಟಿಗೆಯ ಪಕ್ಕದಲ್ಲೋ ಹಲಸಿನ ಮರದ ಬುಡದಲ್ಲೋ ಒಂದು ಹಳೇ ಜೀಪು, ಇಲ್ಲವೇ ಹಿಂದೆ ತೆರೆದ ಬಾಡಿಯ ಜೀಪ್ ಪಿಕಪ್ಪು, ನಾಲ್ಕು ಟೈರೂ ನೆಲಕ್ಕೆ ಕೂತು, ಕೋಳಿ ಕಾವಿಗೆ ಕೂರುವ ಜಾಗವಾಗಿ ನಿಂತಿದೆಯೆ? ಹಾಗಿದ್ದರೆ ಈ ಮಾತು ನಿಮಗೆ. ಆ ಗಾಡಿಯನ್ನು ಹುಡುಕಿಕೊಂಡು ಮೂರು ತರದ ಜನ ಬರುತ್ತಾರೆ. ಒಬ್ಬ ಗುಜರಿಯವನು, ಕಿಲೋ ಲೆಕ್ಕದಲ್ಲಿ ಕೇಳುತ್ತಾನೆ. ಇನ್ನೊಬ್ಬ ಪಟ್ಟಣದ ಹವ್ಯಾಸಿ, ಅಥವಾ ಅವನ ಪರವಾಗಿ ಬರುವ ದಲ್ಲಾಳಿ. ಗುಜರಿಯವನಿಗಿಂತ ಸ್ವಲ್ಪ ಜಾಸ್ತಿ ಕೊಟ್ಟು, ನಿಮಗೇ ಉಪಕಾರ ಮಾಡಿದಂತೆ ಹೊತ್ತೊಯ್ಯುತ್ತಾನೆ. ಮೂರನೆಯವನು ಹೊಸ ಗಾಡಿ ಮಾರುವವನು. "ಇದನ್ನ ಬಿಸಾಕಿ ಗೌಡ್ರೇ, ಸಾಲ ನಾವೇ ಮಾಡಿಸ್ತೀವಿ" ಅನ್ನುತ್ತಾನೆ. ಈ ಮೂವರಿಗೂ ನಿಮ್ಮ ಗಾಡಿಯ ಬೆಲೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರು ನೀವೊಬ್ಬರೇ. ಭತ್ತ, ಅಡಿಕೆ, ಮೆಣಸಿನ ಕತೆ ಏನೋ ಇದೂ ಅದೇ ಕತೆ.

ಹಾಗಂತ ಎಲ್ಲರೂ ಹಳೇ ಗಾಡಿ ರಿಪೇರಿ ಮಾಡಿಸಿ ಎಂದು ನಾನು ಹೇಳಲು ಬಂದಿಲ್ಲ. ಕೆಲವು ಗಾಡಿಗಳು ಗುಜರಿಗೇ ಲಾಯಕ್ಕು. ಯಾವುದು ದುಡಿಮೆಗೆ ಬರುತ್ತದೆ, ಅದಕ್ಕೆ ಹಣ ಯಾವ ಕ್ರಮದಲ್ಲಿ ಹಾಕಬೇಕು, ಎಲ್ಲಿ ನಿಲ್ಲಿಸಬೇಕು, ಇಷ್ಟು ತಿಳಿದರೆ ಮಾರುವಾಗಲೂ ಲಾಭ, ಇಟ್ಟುಕೊಂಡಾಗಲೂ ಲಾಭ.

ಮೊದಲು ಈ ಗಾಡಿ ಯಾರದ್ದು ಅನ್ನುವುದು ಗೊತ್ತಿರಲಿ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಸೈನ್ಯಕ್ಕಾಗಿ ಆರು ಲಕ್ಷಕ್ಕೂ ಮೇಲೆ ಜೀಪು ತಯಾರಿಸಿದವು. ಯುದ್ಧ ಮುಗಿಯುತ್ತಾ ಬಂದಾಗ ವಿಲ್ಲೀಸಿಗೆ ಚಿಂತೆ ಹತ್ತಿತು, ಇನ್ನು ಇದನ್ನು ಯಾರಿಗೆ ಮಾರುವುದು? ಅವರ ಕಣ್ಣಿಗೆ ಮೊದಲು ಬಿದ್ದವನು ರೈತ. 1945ರಲ್ಲಿ ಬಂದ ಸಿ.ಜೆ. 2ಎ ಎಂಬ ನಾಗರಿಕ ಜೀಪನ್ನು ಹೊಲ ಉಳುವುದಕ್ಕೆ, ಸಾಮಾನು ಹೊರುವುದಕ್ಕೆ, ಯಂತ್ರ ತಿರುಗಿಸುವುದಕ್ಕೆ, ಸಂತೆಗೆ ಹೋಗುವುದಕ್ಕೆ, ನಾಲ್ಕಕ್ಕೂ ಒಂದೇ ಗಾಡಿ ಎಂದು ಪ್ರಚಾರ ಮಾಡಿ ಮಾರಿದರು. ಡಾಡ್ಜ್ ಕಂಪನಿ ತನ್ನ ಯುದ್ಧದ ಟ್ರಕ್ಕನ್ನೇ ತಿದ್ದಿ 1946ರಲ್ಲಿ ಪವರ್ ವ್ಯಾಗನ್ ಎಂದು ಹೊರಗೆ ತಂದಿತು. 1947ರಲ್ಲಿ ವಿಲ್ಲೀಸ್ ತನ್ನ ಪಿಕಪ್ ತಂದಿತು. ಅದು ನಾಲ್ಕು ಚಕ್ರದ ಎಳೆತದೊಂದಿಗೆ 1965ರವರೆಗೂ ನಡೆಯಿತು. ನಮ್ಮಲ್ಲಿ ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ವಿಲ್ಲೀಸಿನ ಬಿಡಿ ಭಾಗ ತರಿಸಿ ಜೋಡಿಸಲು ಶುರುಮಾಡಿ, ಆಮೇಲೆ ಇಲ್ಲಿಯೇ ತಯಾರಿಸಿತು. ಎತ್ತರದ ಬಾನೆಟ್ಟಿನ ಸಿ.ಜೆ. 3ಬಿ ಅಮೆರಿಕದಲ್ಲಿ 1968ಕ್ಕೆ ನಿಂತಿತು, ಇಲ್ಲಿ ಅದರ ಮಕ್ಕಳು ಮೊಮ್ಮಕ್ಕಳು ದಶಕಗಟ್ಟಲೆ ಬಂದವು. ಎಂಜಿನ್ ಮೇಲೆಯೇ ಡ್ರೈವರ್ ಕೂರುವ, ಮೂಗಿಲ್ಲದ ಫಾರ್ವರ್ಡ್ ಕಂಟ್ರೋಲ್ ಪಿಕಪ್ಪೂ ಇದೇ ವಂಶದ್ದು. ಸೈನ್ಯದ ಹರಾಜಿನಿಂದ ಬಂದ ಜೋಂಗಾ ಬೇರೆ ವಂಶ. ಅದು ಜಬಲ್‌ಪುರದ ಕಾರ್ಖಾನೆಯಲ್ಲಿ 1969ರಿಂದ ತಯಾರಾದ ನಿಸ್ಸಾನ್ ಗಾಡಿ. ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್ ಅದರದ್ದು. ಅದರ ಹೊಟ್ಟೆ ತುಂಬಿಸುವ ಶಕ್ತಿ ಇದ್ದವರು ಮಾತ್ರ ಅದಕ್ಕೆ ಕೈ ಹಾಕಿ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಹಳ್ಳಿಯ ರೈತ ತಾನೇ ಬಿಚ್ಚಿ ತಾನೇ ಜೋಡಿಸಲಿ ಎಂಬ ಲೆಕ್ಕದಲ್ಲಿ ಕಟ್ಟಿದ ಗಾಡಿ ಇದು. ಕಂಪ್ಯೂಟರ್ ಇಲ್ಲ, ಸೆನ್ಸಾರ್ ಇಲ್ಲ. ಒಂದು ಪೆಟ್ಟಿಗೆ ಸ್ಪ್ಯಾನರ್, ಒಂದು ಜಾಕು, ಹತ್ತಿರದಲ್ಲಿ ಒಂದು ಲೇತ್ ಅಂಗಡಿ ಇದ್ದರೆ ಮುಕ್ಕಾಲು ಕೆಲಸ ಊರಿನಲ್ಲೇ ಆಗುತ್ತದೆ. ಹೊಸ ಪಿಕಪ್ಪಿನ ಬಾನೆಟ್ ಎತ್ತಿದರೆ ನಿಮಗಾಗಲಿ ನಿಮ್ಮೂರಿನ ಮೇಸ್ತ್ರಿಗಾಗಲಿ ಏನು ಕಾಣುತ್ತದೆ ಹೇಳಿ? ಪ್ಲಾಸ್ಟಿಕ್ಕಿನ ಮುಚ್ಚಳ ಕಾಣುತ್ತದೆ.

ಈಗ ಕಾಗದ. ಸ್ಪ್ಯಾನರ್ ಹಿಡಿಯುವುದಕ್ಕೆ ಮುಂಚೆ ಪೆಟ್ಟಿಗೆ ತೆಗೆದು ಆರ್.ಸಿ. ಹುಡುಕಿ. ಚಾಸಿಯ ಮೇಲಿನ ನಂಬರನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯಿರಿ. ಎಂಜಿನ್ ನಂಬರನ್ನೂ ಹಾಗೆಯೇ ತೆಗೆದು, ಎರಡೂ ಆರ್.ಸಿ.ಯಲ್ಲಿ ಇರುವಂತೆಯೇ ಇವೆಯೇ ನೋಡಿ. ಇಲ್ಲದಿದ್ದರೆ ಆ ಗಾಡಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ಮೊದಲು ಅದರ ಇತ್ಯರ್ಥ ಆಗಲಿ. ಆರ್.ಸಿ. ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ಫಾರಂ 31 ತುಂಬಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಅಣ್ಣತಮ್ಮಂದಿರು ಮನಸು ಕೆಡುವುದಕ್ಕೆ ಮುಂಚೆ ಈ ಕೆಲಸ ಮುಗಿಯಲಿ. ಗಾಡಿ ಸರಿಯಾಗಿ ಓಡಲು ಶುರುವಾದ ಮೇಲೆ ಎಲ್ಲರಿಗೂ ಅದರ ಮೇಲೆ ಪ್ರೀತಿ ಹುಟ್ಟುತ್ತದೆ. ಇನ್ನೊಂದು, ಆರ್.ಸಿ.ಯ ಮೇಲೆ ಹಳೇ ಬ್ಯಾಂಕಿನದೋ ಫೈನಾನ್ಸಿನದೋ ಹೆಸರು ಇದೆಯೇ ನೋಡಿ. ಸಾಲ ಯಾವಾಗಲೋ ತೀರಿರುತ್ತದೆ, ಆದರೆ ಋಣಮುಕ್ತ ಪತ್ರವನ್ನು ಯಾರೂ ತೆಗೆದುಕೊಂಡಿರುವುದಿಲ್ಲ. ಪತ್ರದ ಜೊತೆ ಫಾರಂ 35 ಕೊಟ್ಟು ಆ ಹೆಸರು ತೆಗೆಸದಿದ್ದರೆ ಕಾಗದದ ಮೇಲೆ ಗಾಡಿ ಇನ್ನೂ ಅವರ ಅಡವಿನಲ್ಲೇ ಇರುತ್ತದೆ. ಮಾರಲೂ ಆಗದು, ನವೀಕರಿಸಲೂ ತೊಡಕು.

"ಹದಿನೈದು ವರ್ಷ ಆಯ್ತು, ಸರ್ಕಾರ ಗಾಡಿ ಎತ್ಕೊಂಡು ಹೋಗುತ್ತೆ, ಈಗಲೇ ಕೊಟ್ಬಿಡಿ" ಎಂದು ಹೆದರಿಸಿ ಕೊಳ್ಳುವವರಿದ್ದಾರೆ. ಇದಕ್ಕೆ ಉತ್ತರ ಗೊತ್ತಿರಲಿ. 2021ರ ಗುಜರಿ ನೀತಿ ಬಂದ ಮೇಲೆ 15 ವರ್ಷ ದಾಟಿದ ಸರ್ಕಾರಿ ವಾಹನಗಳನ್ನು 2023ರ ಏಪ್ರಿಲ್‌ನಿಂದ ಗುಜರಿಗೆ ಹಾಕುತ್ತಿರುವುದು ನಿಜ. ದೆಹಲಿ ಸುತ್ತಿನ ಕಟ್ಟುಪಾಡೇ ಬೇರೆ. ನಮ್ಮ ಕಡೆ ಖಾಸಗಿ ಗಾಡಿಗೆ ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಯಾರೂ ಕಿತ್ತುಕೊಳ್ಳುವಂತಿಲ್ಲ. 15 ವರ್ಷ ಆದ ಮೇಲೆ ತಪಾಸಣೆ ಮಾಡಿಸಿ, ಫಾರಂ 25 ಕೊಟ್ಟು, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಆದರೆ ಶುಲ್ಕ ಏರಿಸುತ್ತಲೇ ಇದ್ದಾರೆ. ಕಾರು, ಜೀಪಿನಂಥ ಲಘು ವಾಹನಕ್ಕೆ ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಹಸಿರು ತೆರಿಗೆ ಬೇರೆ. ತಡ ಮಾಡಿದರೆ ತಿಂಗಳಿಗೆ 500 ರೂಪಾಯಿಯಂತೆ ಸೇರಿಸುವ ನಿಯಮವೂ 2022ರಲ್ಲೇ ಬಂತು. ಎರಡು ವರ್ಷ ಮಲಗಿದ ಗಾಡಿಗೆ ಅದೇ 12,000 ಆಗುತ್ತದೆ. ಆದ್ದರಿಂದ ಕೆಲಸ ಶುರು ಮಾಡುವ ಮೊದಲೇ ಒಟ್ಟು ಎಷ್ಟು ಕಟ್ಟಬೇಕು ಎಂದು ಆರ್.ಟಿ.ಓ. ಕಚೇರಿಯಲ್ಲಿ ಕೇಳಿ, ಬರೆಸಿಕೊಂಡು ಬನ್ನಿ. ಬಾಯಿಮಾತಿನ ಲೆಕ್ಕ ಬೇಡ.

ಪಿಕಪ್ಪು ಸರಕು ಸಾಗಣೆ ವಾಹನ ಎಂದು ಹಳದಿ ಬೋರ್ಡಿನಲ್ಲಿ ನೋಂದಣಿ ಆಗಿದ್ದರೆ ಕತೆ ಬೇರೆ. ಎಂಟು ವರ್ಷ ದಾಟಿದ ಸಾಗಣೆ ಗಾಡಿಗೆ ಪ್ರತಿ ವರ್ಷ ಎಫ್.ಸಿ. ಆಗಬೇಕು. ಆ ಖರ್ಚು ವರ್ಷವರ್ಷವೂ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಇರಲಿ.

ಇನ್ನು "ವಿಂಟೇಜ್" ಅನ್ನುವ ಮಾತು. ಪಟ್ಟಣದ ಪತ್ರಿಕೆಗಳಲ್ಲಿ ಓದಿ ನಮ್ಮ ಹುಡುಗರು "ಅಪ್ಪಾ, ನಮ್ದೂ ವಿಂಟೇಜ್ ಮಾಡ್ಸೋಣ" ಅನ್ನುತ್ತಾರೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ಆಗಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲದ್ದೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ಮರು ನೋಂದಣಿಗೆ 5,000. ನಂಬರಿನಲ್ಲಿ ವಿ.ಎ. ಎಂಬ ಎರಡು ಅಕ್ಷರ ಬರುತ್ತವೆ. ಇಷ್ಟೆಲ್ಲ ಕೊಟ್ಟ ಮೇಲೆ ಆ ಗಾಡಿಯನ್ನು ರಸ್ತೆಗೆ ಯಾವಾಗ ತರಬಹುದು ಗೊತ್ತೆ? ಪ್ರದರ್ಶನಕ್ಕೆ, ರ‍್ಯಾಲಿಗೆ, ಎಣ್ಣೆ ಹಾಕಿಸುವುದಕ್ಕೆ, ರಿಪೇರಿಗೆ. ದಿನನಿತ್ಯದ ಓಡಾಟಕ್ಕಿಲ್ಲ, ದುಡಿಮೆಗೆ ಇಲ್ಲವೇ ಇಲ್ಲ. ಗೊಬ್ಬರದ ಮೂಟೆ ಹಾಕಿದಿರೋ ನಿಯಮ ಮುರಿದಂತೆ. ಎತ್ತನ್ನು ಜಾತ್ರೆಯಲ್ಲಿ ಮೆರವಣಿಗೆ ಮಾಡಬಹುದು, ನೊಗ ಕಟ್ಟುವಂತಿಲ್ಲ ಎಂದ ಹಾಗಾಯಿತು. ಶೋಕಿಗೆ ಇಟ್ಟುಕೊಳ್ಳುವವರಿಗೆ ಅದು ಸರಿಯಾದ ನಿಯಮವೇ ಇರಬಹುದು. ರೈತನಿಗೆ ಸಾಮಾನ್ಯ ನವೀಕರಣವೇ ದಾರಿ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಹೊಸ ಪಿಕಪ್ಪಿಗೆ 8 ಲಕ್ಷ ಸಾಲ ಮಾಡಿದಿರಿ, ವರ್ಷಕ್ಕೆ ನೂರಕ್ಕೆ 10ರ ಬಡ್ಡಿ, ಐದು ವರ್ಷದ ಕಂತು ಎಂದಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 17,000 ಕಟ್ಟಬೇಕು. ಐದು ವರ್ಷಕ್ಕೆ 10 ಲಕ್ಷದ 20 ಸಾವಿರ. ಬೆಳೆ ವರ್ಷಕ್ಕೆ ಒಂದು ಸಲವೋ ಎರಡು ಸಲವೋ ಬರುತ್ತದೆ, ಕಂತು ಹನ್ನೆರಡು ಸಲ ಬರುತ್ತದೆ. ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಬಡ್ಡಿಗಿಂತ ಹೆಚ್ಚಾಗಿ ಈ ಹನ್ನೆರಡರಲ್ಲಿ. ಎರಡು ಕಂತು ತಪ್ಪಿದರೆ ಕೈಸಾಲ. ಕೈಸಾಲಕ್ಕೆ ನೂರಕ್ಕೆ ತಿಂಗಳಿಗೆ 3 ರೂಪಾಯಿ ಅಂದರೂ ಲಕ್ಷಕ್ಕೆ ವರ್ಷಕ್ಕೆ 36,000.

ಹಳೇ ಗಾಡಿಯ ಅನುಕೂಲ ಏನೆಂದರೆ ಅದರ ಖರ್ಚನ್ನು ತುಂಡು ತುಂಡು ಮಾಡಿ ಸುಗ್ಗಿಯಿಂದ ಸುಗ್ಗಿಗೆ ಹಾಕಬಹುದು. ಈ ವರ್ಷ ಬ್ರೇಕು, ಸ್ಟೇರಿಂಗು. ಮುಂದಿನ ವರ್ಷ ಎಂಜಿನ್. ಆದರೆ ಒಂದು ಷರತ್ತು. ಸಾಲ ಮಾಡಿ ಹಳೇ ಗಾಡಿ ಎಬ್ಬಿಸಬೇಡಿ, ಕೈಸಾಲವಂತೂ ಬೇಡವೇ ಬೇಡ. ಹೊಸ ಗಾಡಿಯ ಸಾಲಕ್ಕೆ ಗಾಡಿಯಾದರೂ ಅಡವಿಗೆ ಇರುತ್ತದೆ, ರಿಪೇರಿ ಸಾಲಕ್ಕೆ ನಿಮ್ಮ ಜಮೀನೇ ಗತಿ. ಎಣ್ಣೆಯ ಖರ್ಚನ್ನೂ ಮರೆಯಬೇಡಿ. ವರ್ಷಕ್ಕೆ 6,000 ಕಿಲೋಮೀಟರ್ ಓಡಿಸುವವನಿಗೆ ಲೀಟರಿಗೆ 8 ಕಿಲೋಮೀಟರ್ ಕೊಡುವ ಗಾಡಿ 750 ಲೀಟರ್ ಕುಡಿಯುತ್ತದೆ, 12 ಕೊಡುವ ಗಾಡಿ 500 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ ವ್ಯತ್ಯಾಸ 25,000. ಮೇಲೆ ಹೇಳಿದ ಒಂದೂವರೆ ಕಂತು. ದಿನಾ ಪಟ್ಟಣಕ್ಕೆ ಹಾಲು, ತರಕಾರಿ ಹೊರುವವನು, ವರ್ಷಕ್ಕೆ 20,000, 25,000 ಕಿಲೋಮೀಟರ್ ಓಡಿಸುವವನು ಹಳೇ ಗಾಡಿಯ ಆಸೆ ಬಿಡುವುದೇ ಒಳ್ಳೆಯದು. ತೋಟದ ಏರು, ಗದ್ದೆಯ ಕೆಸರು, ವಾರಕ್ಕೊಂದು ಸಂತೆ, ಮಳೆಗಾಲದಲ್ಲಿ ಆಸ್ಪತ್ರೆಗೆ ಒಂದು ದಾರಿ, ಇಷ್ಟು ಕೆಲಸದವನಿಗೆ ಅದು ಸರಿಹೋಗುತ್ತದೆ.

ಸರಿ, ಮಾಡುವುದು ಎಂದು ತೀರ್ಮಾನ ಆಯಿತು. ಎಲ್ಲಿಂದ ಶುರು? ಹತ್ತರಲ್ಲಿ ಒಂಬತ್ತು ಜನ ಪೇಂಟಿನಿಂದ ಶುರು ಮಾಡುತ್ತಾರೆ. ಟಿಂಕರಿಂಗ್ ಮಾಡಿಸಿ, ಪುಟ್ಟಿ ಮೆತ್ತಿ, ಹಸಿರು ಬಣ್ಣ ಹೊಡೆಸಿ, ಮುಂದೆ ಮನೆದೇವರ ಹೆಸರು ಬರೆಸುತ್ತಾರೆ. ದುಡ್ಡು ಅಲ್ಲಿಗೆ ಮುಗಿಯುತ್ತದೆ. ಬ್ರೇಕಿಗೆ ಉಳಿಯುವುದಿಲ್ಲ.

ಕೆಳಗಿನಿಂದ ಶುರು ಮಾಡಿ. ಗಾಡಿಯನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಸಣ್ಣ ಸುತ್ತಿಗೆ ಹಿಡಿದು ಚಾಸಿಯ ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ದಪ್ ಅನ್ನುತ್ತದೆ. ಕಮಾನು ಪಟ್ಟಿಯ ತುದಿ ಚಾಸಿಗೆ ಸೇರುವ ಜಾಗ, ಬಾಡಿಯ ಬೋಲ್ಟು ಕೂರುವ ಜಾಗ, ಹಿಂದಿನ ಅಡ್ಡಪಟ್ಟಿ, ಮಣ್ಣು ಕಚ್ಚಿಕೊಳ್ಳುವ ಒಳಮೂಲೆ, ಇವುಗಳನ್ನು ವಿಶೇಷವಾಗಿ ನೋಡಿ. ಒಂದೆರಡು ಕಡೆ ತೂತಾಗಿದ್ದರೆ ಕೊಳೆತ ಭಾಗ ಕತ್ತರಿಸಿ ಅಷ್ಟೇ ದಪ್ಪದ ಹಾಳೆ ಬೆಸೆಯಬಹುದು. ಉದ್ದಕ್ಕೂ ಪದರ ಪದರವಾಗಿ ಏಳುತ್ತಿದ್ದರೆ ಕೈ ಮುಗಿದು ಬಿಡಿ, ಆ ಗಾಡಿಯನ್ನು ಬಿಡಿಭಾಗದ ಲೆಕ್ಕದಲ್ಲಿ ಮಾರಿ. ನಮ್ಮ ಗಾಡಿಗಳ ತುಕ್ಕಿಗೆ ಮಳೆಯೊಂದೇ ಕಾರಣ ಅಲ್ಲ. ಪೊಟ್ಯಾಷ್, ಯೂರಿಯಾ ಮೂಟೆ ಹೊತ್ತು, ಹರಿದು ಬಿದ್ದ ಗೊಬ್ಬರವನ್ನು ತೊಳೆಯದೆ ಬಿಟ್ಟರೆ, ಅದು ಗಾಳಿಯ ನೀರು ಹೀರಿ ಕಬ್ಬಿಣ ತಿನ್ನುತ್ತಾ ಕೂರುತ್ತದೆ. ಪೊಟ್ಯಾಷ್ ಅಂದರೆ ಒಂದು ತರದ ಉಪ್ಪೇ.

ಆಮೇಲೆ ಬ್ರೇಕು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಳೇ ಜೀಪಿನ ಬ್ರೇಕಿಗೆ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಸಾಲು. ನಾಲ್ಕು ಚಕ್ರದಲ್ಲಿ ಯಾವುದೋ ಒಂದರ ಪೈಪು ಒಡೆದರೂ ನಾಲ್ಕರ ಬ್ರೇಕೂ ಹೋಗುತ್ತದೆ. ಆದ್ದರಿಂದ ಹಳೇ ಪೈಪು, ಹೋಸು, ವೀಲ್ ಸಿಲಿಂಡರಿನ ರಬ್ಬರ್ ಬಟ್ಟಲು, ಎಲ್ಲವನ್ನೂ ಒಟ್ಟಿಗೆ ಹೊಸದು ಹಾಕಿ. ಒಂದೊಂದಾಗಿ ಬದಲಾಯಿಸುವ ಉಳಿತಾಯ ಇಲ್ಲಿ ಬೇಡ. ಬ್ರೇಕ್ ಆಯಿಲ್ ನೀರು ಹೀರುವ ಪದಾರ್ಥ, ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ಸಿಲಿಂಡರನ್ನು ಒಳಗಿನಿಂದಲೇ ತಿಂದಿರುತ್ತದೆ. ಎರಡು ಸಾಲಿನ ಮಾಸ್ಟರ್ ಸಿಲಿಂಡರ್ ಕೂಡಿಸಲು ತಿಳಿದ ಮೆಕ್ಯಾನಿಕ್ ಸಿಕ್ಕಿದರೆ ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಕೆಲಸ. ಮುಂದಿನದು ಕೆಟ್ಟರೆ ಹಿಂದಿನದು ಹಿಡಿಯುತ್ತದೆ.

ಹ್ಯಾಂಡ್ ಬ್ರೇಕಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ಹಳೇ ವಿಲ್ಲೀಸ್ ವಂಶದ ಜೀಪುಗಳಲ್ಲಿ ಅದು ಚಕ್ರದಲ್ಲಿ ಇಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವಲ್ಲಿ ಒಂದು ಡ್ರಮ್ ಇದೆ, ಅದನ್ನು ಹಿಡಿಯುತ್ತದೆ. ಅಂದರೆ ಏನಾಯಿತು? ಶಾಫ್ಟಿನ ಕ್ರಾಸ್ ಮುರಿದರೆ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲ. ಅದಕ್ಕಿಂತ ಅಪಾಯ, ಹಿಂದಿನ ಒಂದು ಚಕ್ರ ಪಂಕ್ಚರ್ ಆಗಿ ಜಾಕ್ ಎತ್ತಿದಿರಿ. ಎತ್ತಿದ ಚಕ್ರ ಹಿಂದಕ್ಕೆ ತಿರುಗುತ್ತದೆ, ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳುತ್ತದೆ, ಶಾಫ್ಟ್ ಮಾತ್ರ ನಿಂತೇ ಇರುತ್ತದೆ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಿದ್ದರೂ ಗಾಡಿ ಇಳಿಜಾರಿನಲ್ಲಿ ಹೊರಟು ಬಿಡುತ್ತದೆ. ಅದಕ್ಕೇ ಹಳಬರು ಜೀಪಿನಲ್ಲಿ ಯಾವಾಗಲೂ ಮರದ ಒಂದು ಅಡೆ ಇಟ್ಟುಕೊಂಡಿರುತ್ತಿದ್ದದ್ದು.

ಸ್ಟೇರಿಂಗಿನ ಆಟ ಇನ್ನೊಂದು. ಚಕ್ರ ಅಲ್ಲಾಡದೆ ಸ್ಟೇರಿಂಗ್ ಮಾತ್ರ ಅತ್ತಿತ್ತ ಆಡುತ್ತಿದ್ದರೆ ಎಲ್ಲರೂ ಸ್ಟೇರಿಂಗ್ ಬಾಕ್ಸಿಗೆ ಬೈಯುತ್ತಾರೆ. ಮುಂದಿನ ಆಕ್ಸಲ್ ಮೇಲೆ ನಡುವೆ ಕೂತ ಬೆಲ್ ಕ್ರ್ಯಾಂಕ್ ಎಂಬ ತ್ರಿಕೋನದ ತುಂಡು, ಟೈ ರಾಡಿನ ತುದಿಗಳು, ಕಿಂಗ್ ಪಿನ್ನಿನ ಬೇರಿಂಗು, ಇವುಗಳಲ್ಲಿ ಸ್ವಲ್ಪ ಸ್ವಲ್ಪ ಸವೆತ ಸೇರಿ ಅಷ್ಟಾಗಿರುತ್ತದೆ. ಒಬ್ಬರು ಸ್ಟೇರಿಂಗ್ ಆಡಿಸಿ, ಇನ್ನೊಬ್ಬರು ಕೆಳಗೆ ಒಂದೊಂದು ಗೆಣ್ಣಿನ ಮೇಲೂ ಕೈ ಇಟ್ಟು ನೋಡಿ. ಮುಂದಿನ ಚಕ್ರದ ಹಿಂದಿರುವ ದೊಡ್ಡ ಗುಂಡಿನ ಸುತ್ತ ಎಣ್ಣೆ ಸೋರುತ್ತಿದ್ದರೆ ಸೀಲ್ ಹೋಗಿದೆ. ಎಣ್ಣೆ ಹೊರಗೆ ಬರುವ ದಾರಿಯಲ್ಲೇ ಗದ್ದೆಯ ನೀರು ಒಳಗೆ ಹೋಗುತ್ತದೆ.

ಇನ್ನು ಈ ಗಾಡಿಯ ಜೀವ, ಟ್ರಾನ್ಸ್‌ಫರ್ ಕೇಸು. ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡು, ಎಂಜಿನ್ನಿನ ಶಕ್ತಿಯನ್ನು ಮುಂದೆ ಹಿಂದೆ ಹಂಚುವ ಪೆಟ್ಟಿಗೆ ಅದು. ಮೂರು ಗೇರಿನ ಹಳೇ ಜೀಪಿನಲ್ಲಿ ಮೊದಲ ಗೇರು 2.80, ಲೋ ರೇಂಜು 2.46, ಹೌಸಿಂಗಿನ ಕ್ರೌನ್ ಪಿನಿಯನ್ 5.38. ಮೂರನ್ನೂ ಗುಣಿಸಿ. ಎಂಜಿನ್ 37 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಕೆಸರಿನಲ್ಲಿ ತುಂಬಿದ ಗಾಡಿ ಇರುವೆಯಂತೆ ಹತ್ತಿ ಬರುವುದು ಈ 37ರಿಂದ. ಇದರಲ್ಲಿ ನಡುವಿನ ಶಾಫ್ಟು, ಅದರ ಸೂಜಿ ಬೇರಿಂಗುಗಳು ಮೊದಲು ಸವೆಯುತ್ತವೆ. ಕೂಗು ಕೇಳಿಸಿದ ಮೇಲೂ ಓಡಿಸಿದರೆ ಗೇರಿನ ಹಲ್ಲೂ ಹೋಗುತ್ತದೆ, ಪೆಟ್ಟಿಗೆಯೂ ಹೋಗುತ್ತದೆ. ಗೇರ್‌ಬಾಕ್ಸಿನ ಎಣ್ಣೆ ನೋಡಿ ಬಂದವರು ಇದರ ಎಣ್ಣೆಯನ್ನೂ ಬೇರೆಯಾಗಿ ನೋಡಬೇಕು.

ಇದನ್ನು ಕೊಲ್ಲುವುದು ಹೇಗೆ ಎಂದೂ ಹೇಳಿಬಿಡುತ್ತೇನೆ. ಒಂದು, ಫೋರ್‌ವೀಲ್ ಹಾಕಿಕೊಂಡು ಟಾರು ರಸ್ತೆಯಲ್ಲಿ ಓಡಿಸುವುದು. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕು, ಈ ಪೆಟ್ಟಿಗೆ ಹೋಗಗೊಡುವುದಿಲ್ಲ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಟಾರಿನ ಮೇಲೆ ಜಾರದೆ ಶಾಫ್ಟು ಬಿಗಿಯುತ್ತದೆ. ಲಿವರ್ ಕಚ್ಚಿಕೊಂಡು ಬಿಡದಿದ್ದರೆ ಬಡಿಯಬೇಡಿ, ನಾಲ್ಕು ಮಾರು ನೇರವಾಗಿ ಹಿಂದಕ್ಕೆ ತೆಗೆದರೆ ಸಡಿಲವಾಗುತ್ತದೆ. ಇನ್ನೊಂದು, ಉಳಿತಾಯ ಎಂದು ಹಿಂದೆ ಎರಡು ಹೊಸ ಟೈರು, ಮುಂದೆ ಎರಡು ಬೋಳು ಟೈರು ಹಾಕುವುದು. 71 ಸೆಂಟಿಮೀಟರ್ ಎತ್ತರದ ಟೈರು ಕಿಲೋಮೀಟರಿಗೆ 448 ಸುತ್ತು ಸುತ್ತಿದರೆ, ಸವೆದು 69 ಆದದ್ದು 461 ಸುತ್ತು ಸುತ್ತುತ್ತದೆ. ಆ 13 ಸುತ್ತಿನ ಜಗಳವೆಲ್ಲ ಟ್ರಾನ್ಸ್‌ಫರ್ ಕೇಸಿನ ತಲೆಗೆ. ಫೋರ್‌ವೀಲ್ ಗಾಡಿಗೆ ನಾಲ್ಕು ಟೈರೂ ಒಂದೇ ಅಳತೆ, ಒಂದೇ ಸವೆತ ಇರಲಿ.

ಎಂಜಿನ್ನಿಗೆ ಈಗ ಬಂದೆ. ಮೂಲ ಹರಿಕೇನ್ ಪೆಟ್ರೋಲ್ ಎಂಜಿನ್ 2.2 ಲೀಟರಿನದು, ಒಳವಾಲ್ವು ಮೇಲಿನ ಹೆಡ್ಡಿನಲ್ಲಿ, ಹೊರವಾಲ್ವು ಕೆಳಗಿನ ಬ್ಲಾಕಿನಲ್ಲಿ. ಅದನ್ನು ಬಿಚ್ಚಿಸುವ ಮೊದಲು ಕಂಪ್ರೆಶನ್ ಅಳೆಸಿ. ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಸಿ. ಏರಿದರೆ ರಿಂಗು, ಬೋರು ಸವೆದಿದೆ. ಏರದಿದ್ದರೆ ವಾಲ್ವು ಸರಿಯಾಗಿ ಕೂರುತ್ತಿಲ್ಲ. ಇಷ್ಟು ನೋಡದೆ "ಫುಲ್ ಎಂಜಿನ್ ಮಾಡ್ಬೇಕು ಸಾರ್" ಅನ್ನುವ ಗ್ಯಾರೇಜಿಗೆ ನಮಸ್ಕಾರ ಹೇಳಿ ಬನ್ನಿ. ವಾಲ್ವಿನ ಕೆಲಸ ಮಾಡಿಸುವಾಗ ಹೊರವಾಲ್ವಿಗೆ ಗಟ್ಟಿ ಸೀಟು ಕೂಡಿಸಿ. ಹಳೇ ಎಂಜಿನ್ನುಗಳನ್ನು ಸೀಸ ಬೆರೆಸಿದ ಪೆಟ್ರೋಲಿಗೆ ಮಾಡಿದ್ದರು, ನಮ್ಮ ದೇಶದಲ್ಲಿ 2000ನೇ ಇಸವಿಯಿಂದ ಸೀಸದ ಪೆಟ್ರೋಲ್ ಇಲ್ಲ.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. 2025ರಲ್ಲಿ ದೇಶಾದ್ಯಂತ ಆ ಮಟ್ಟ ಮುಟ್ಟಿತು. ನಮ್ಮದೇ ಕಬ್ಬು, ನಮ್ಮದೇ ಜೋಳ, ಬೇಡ ಅನ್ನುವ ಹಾಗಿಲ್ಲ. ಆದರೆ ಆ ನಮ್ಮ ಬೆಳೆಯೇ ನಮ್ಮ ಹಳೇ ಗಾಡಿಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಪೊರೆ, ಕಾರ್ಬ್ಯುರೇಟರಿನ ವಾಷರನ್ನು ಮೆತ್ತಗೆ ಮಾಡುತ್ತದೆ. ಎಥನಾಲ್ ತಾಳುವ ರಬ್ಬರ್ ಹಾಕಿಸಿ. ಮಳೆಗಾಲವಿಡೀ ಗಾಡಿ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ, ಅದು ನೀರು ಹೀರುತ್ತದೆ.

ಡೀಸೆಲ್ ಹಾಕಿಸಿಬಿಡೋಣ ಅನ್ನುತ್ತೀರಿ. ನಿಮ್ಮ ಗಾಡಿ ಕಂಪನಿಯಿಂದಲೇ ಡೀಸೆಲ್ ಆಗಿ ಬಂದಿದ್ದರೆ ಪುಣ್ಯ. 1963ರಲ್ಲಿ ಮಹೀಂದ್ರ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ವೋಲ್ಟಾಸ್ ಸೇರಿ ಟ್ರ್ಯಾಕ್ಟರ್ ಕಂಪನಿ ಮಾಡಿದವು. ಅದೇ ಟ್ರ್ಯಾಕ್ಟರಿನ ವಂಶದ ಡೀಸೆಲ್ ಎಂಜಿನ್ ಆಮೇಲೆ ಜೀಪುಗಳಿಗೂ ಬಂತು, ತಾಲ್ಲೂಕಿನ ಟ್ರ್ಯಾಕ್ಟರ್ ಮೇಸ್ತ್ರಿಗೆ ಅದರ ಗುಟ್ಟು ಗೊತ್ತು. ಪೆಟ್ರೋಲ್ ಗಾಡಿಗೆ ಹೊಸದಾಗಿ ಡೀಸೆಲ್ ಕೂಡಿಸುವುದಾದರೆ ಮಾತ್ರ ಎಚ್ಚರ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ಆರ್.ಟಿ.ಓ. ಒಪ್ಪಿಗೆ ಇಲ್ಲದೆ ಎಂಜಿನ್ ಬದಲಾಯಿಸುವಂತಿಲ್ಲ. ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ತಿದ್ದಬಾರದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. "ಯಾರು ಕೇಳ್ತಾರೆ ಬಿಡಿ" ಅನ್ನುತ್ತಾರೆ. ಅಪಘಾತವಾದ ದಿನ ವಿಮಾ ಕಂಪನಿ ಕೇಳುತ್ತದೆ. ಆ ದಿನ ಪರಿಹಾರ ನಿಮ್ಮ ಪಹಣಿಯಿಂದ ಹೋಗುತ್ತದೆ.

ವೈರಿಂಗ್ ಪೂರ್ತಿ ಹೊಸದು ಹಾಕಿ, ಫ್ಯೂಸ್ ಇಡಿ. ಅದರಲ್ಲಿ ಹೆಚ್ಚು ಹೇಳುವುದಿಲ್ಲ. ಬಾಡಿಗೆ ಕೊಳೆತ ತಗಡು ಕತ್ತರಿಸಿ ಹೊಸ ತಗಡು ಬೆಸೆಯಿಸಿ, ಕೆಂಪು ಪ್ರೈಮರ್ ಹೊಡೆಸಿ, ನೀರು ಇಳಿಯಲು ತೂತು ಬಿಡಿ. ಬಣ್ಣ ಕೊನೆಗೆ, ದುಡ್ಡು ಮಿಕ್ಕರೆ.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇದ್ದೇ ಇವೆ. ಹಳೇ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಹೆಸರು ಹೇಳಿ ತಂದದ್ದು ಹೊಂದುವುದಿಲ್ಲ. ಗ್ಯಾರೇಜಿಗೆ ಬಿಡುವುದಾದರೆ ಒಂದು ಸಲಕ್ಕೆ ಒಂದೇ ಕೆಲಸ ಒಪ್ಪಿಸಿ. ಬ್ರೇಕ್ ಮುಗಿದು ಗಾಡಿ ಮನೆಗೆ ಬಂದ ಮೇಲೆ ಸ್ಟೇರಿಂಗು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಹಾಕಿದ ಗಾಡಿ ಮತ್ತೆ ಎದ್ದು ಬರುವುದು ಅಪರೂಪ, ಅದರ ಒಂದೊಂದು ಭಾಗ ಒಂದೊಂದು ಗಾಡಿಗೆ ಹೋಗಿರುತ್ತದೆ. ಬಿಚ್ಚಿದ ಬೋಲ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಚೀಟಿ ಬರೆದಿಡಿ. ಹಾಕಿದ ಒಂದೊಂದು ರೂಪಾಯಿಯನ್ನೂ ಪುಸ್ತಕದಲ್ಲಿ ಬರೆಯಿರಿ, ರಸೀದಿ ಅಂಟಿಸಿ.

ಆ ಪುಸ್ತಕ ಮಾರುವಾಗ ಕೆಲಸಕ್ಕೆ ಬರುತ್ತದೆ. ಮಾರುವುದು ತಪ್ಪೇನಲ್ಲ. ಮಗಳ ಮದುವೆಗೋ ಬೋರ್‌ವೆಲ್ಲಿಗೋ ದುಡ್ಡು ಬೇಕಾದರೆ ಮಾರಿ. ಆದರೆ ಕಿಲೋ ಲೆಕ್ಕದಲ್ಲಿ ಕೊಡಬೇಡಿ. ಮೂಲ ಎಂಜಿನ್, ನಂಬರ್ ತಾಳೆಯಾಗುವ ಚಾಸಿ, ಜೀವಂತ ಆರ್.ಸಿ. ಇರುವ ಗಾಡಿಯೇ ಬೇರೆ, ಕಾಗದ ಸತ್ತ ಗಾಡಿಯೇ ಬೇರೆ. ಡೀಸೆಲ್ ಹಾಕಿಸಿದವರು ಬಿಚ್ಚಿದ ಹಳೇ ಪೆಟ್ರೋಲ್ ಎಂಜಿನ್ನನ್ನು ಗುಜರಿಗೆ ಎಸೆಯುತ್ತಾರಲ್ಲ, ಪಟ್ಟಣದವನು ಹುಡುಕುತ್ತಿರುವುದು ಅದನ್ನೇ. ಬೋರಲು ಹಾಕಿದ ಮಂಕರಿಯ ಕೆಳಗಾದರೂ ಅದನ್ನು ಇಟ್ಟಿರಿ. ಕೊಳ್ಳುವವನು ಬಂದರೆ ಮೊದಲ ದಿನ ಬೆಲೆ ಹೇಳಬೇಡಿ, ಅವನ ಬಾಯಿಂದ ಹೊರಡಿಸಿ. ಇನ್ನೊಬ್ಬರಿಗೂ ತೋರಿಸಿ. ಹಣ ಪೂರ್ತಿ ಬಂದ ಮೇಲೆ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ. ಹೆಸರು ಬದಲಾಯಿತೇ ಎಂದು ನೀವೇ ಹೋಗಿ ನೋಡಿಕೊಂಡು ಬನ್ನಿ, ಅಲ್ಲಿಯವರೆಗೆ ಆ ಗಾಡಿ ಏನು ಮಾಡಿದರೂ ಸಮನ್ಸು ನಿಮ್ಮ ಮನೆಗೆ ಬರುತ್ತದೆ.

ಆರ್.ಸಿ. ತಂದವರು ಇದ್ದರೆ ಕೊಡಿ, ಒಂದೊಂದಾಗಿ ನೋಡೋಣ. ಹೊರಗೆ ಒಂದು ಪಿಕಪ್ಪು ನಿಲ್ಲಿಸಿದೆ. ಕೆಳಗೆ ನುಗ್ಗಿ ನೋಡುವವರು ನೋಡಬಹುದು. ಚಕ್ರಕ್ಕೆ ಕಲ್ಲು ಕೊಟ್ಟಿದೆ, ಅದನ್ನು ಯಾರೂ ತೆಗೆಯಬೇಡಿ.